ಲಿನಕ್ಸ್ ಟರ್ಮಿನಲ್, ಕನ್ಸೋಲ್, ಡಿಸ್‌ಪ್ಲೇ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಉಬುಂಟು, ಡೆಬಿಯನ್, ಫೆಡೋರಾದಂಥ ಇವತ್ತಿನ ಲಿನಕ್ಸ್ ಬಳಸುವವರಿಗೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಉದ್ಧರಣ ಚಿಹ್ನೆಯೊಳಗೆ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ‘ಎಸ್‌ಟಿಟಿವೈ’ ಎಂದಿದ್ದರೆ ಎಸ್, ಟಿ, ಟಿ, ವೈ ಎಂಬ ನಾಲ್ಕು ಅಕ್ಷರ. ‘ರಿಸೆಟ್’ ಎಂದಿದ್ದರೆ ಆ ಇಂಗ್ಲಿಷ್ ಪದ. ಟರ್ಮ್, ಡಿಸ್‌ಪ್ಲೇ, ಲ್ಯಾಂಗ್‌ನಂಥ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಹೆಸರು ದೊಡ್ಡಕ್ಷರದಲ್ಲಿ; ಬೇರೆಡೆ ದೊಡ್ಡಕ್ಷರ ಬೇಕಾದಾಗ ಅಲ್ಲೇ ಹೇಳಿದ್ದೇವೆ.

ಟರ್ಮಿನಲ್, ಶೆಲ್, ಕನ್ಸೋಲ್ ಎಲ್ಲ ಒಂದೇ ಅಲ್ಲವೆ?

ಅಲ್ಲ. ನೀವು ತೆರೆಯುವ ಕಿಟಕಿ, ಅಂದರೆ ಗ್ನೋಮ್ ಟರ್ಮಿನಲ್ಲೋ ಕೆಡಿಇ ಡೆಸ್ಕ್‌ಟಾಪಿನ ‘ಕಾನ್ಸೋಲ್’ ಎಂಬ ಆಪೋ, ಟರ್ಮಿನಲ್ ಎಮ್ಯುಲೇಟರ್. ಅಕ್ಷರ ಬಿಡಿಸುವುದು, ಬಣ್ಣ ತುಂಬುವುದು, ಕೀಬೋರ್ಡಿನಿಂದ ಬಂದದ್ದನ್ನು ಬೈಟ್ ಮಾಡಿ ಕಳಿಸುವುದು ಅದರ ಕೆಲಸ. ಆಜ್ಞೆ ಓದಿ ನಡೆಸುವುದು ಶೆಲ್: ಬ್ಯಾಶ್, ಝಡ್‌ಶೆಲ್ ಇತ್ಯಾದಿ. ಇವೆರಡರ ನಡುವೆ ಕೂತಿರುವುದು ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಟಿಟಿವೈ ಪದರ. ಫಾಂಟ್ ಯಾವುದೆಂದು ಬ್ಯಾಶ್‌ಗೆ ಗೊತ್ತಿಲ್ಲ, ‘ಎಲ್‌ಎಸ್’ ಎಂದರೇನೆಂದು ಎಮ್ಯುಲೇಟರ್‌ಗೆ ಗೊತ್ತಿಲ್ಲ, ಇವೆರಡೂ ಕರ್ನಲ್‌ಗೆ ಬೇಕಿಲ್ಲ. ಕನ್ಸೋಲ್ ಎಂದರೆ ಯಂತ್ರಕ್ಕೇ ಅಂಟಿಕೊಂಡ ಟರ್ಮಿನಲ್. ಬೂಟ್ ಆಗುವಾಗ ಕರ್ನಲ್ ತಾನೇ ಮಾತಾಡುವ ಜಾಗ.

ಮುಂದಿನ ಬಹುಪಾಲು ಪ್ರಶ್ನೆಗಳಲ್ಲಿ ಮೊದಲು ಮಾಡಬೇಕಾದ್ದು ಒಂದೇ: ಎಡವಟ್ಟು ಎಮ್ಯುಲೇಟರಿನದೋ, ಕರ್ನಲ್‌ನದೋ, ಪ್ರೋಗ್ರಾಮಿನದೋ ಎಂದು ಗುರುತಿಸುವುದು.

ಟಿಟಿವೈ ಎಂಬ ಹೆಸರು ಎಲ್ಲಿಂದ ಬಂತು? 80 ಕಾಲಂ ಏಕೆ?

ಟೆಲಿಟೈಪ್‌ನಿಂದ. 1963ರಲ್ಲಿ ಬಂದ ಎಎಸ್‌ಆರ್-33 ಯಂತ್ರ ಸೆಕೆಂಡಿಗೆ 10 ಅಕ್ಷರ ಕಾಗದದ ಮೇಲೆ ಕುಟ್ಟುತ್ತಿತ್ತು, ಅದೂ ದೊಡ್ಡಕ್ಷರ ಮಾತ್ರ. ಒಂದು ಅಕ್ಷರಕ್ಕೆ 11 ಬಿಟ್, ಹಾಗಾಗಿ ವೇಗ 110 ಬಾಡ್. ಪರದೆಯೇ ಇಲ್ಲದ ಆ ಕಾಲದ ಪದ ‘ಪ್ರಿಂಟ್’ ಇಂದಿಗೂ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಉಳಿದಿದೆ. ಸಾಲಿನ ಕೊನೆಗೆ ಎರಡು ಸಂಕೇತ ಬೇಕಾದದ್ದೂ ಆ ಕಾಲದ ಬಳುವಳಿ: ಒಂದು ಅಚ್ಚಿನ ತಲೆಯನ್ನು ಎಡತುದಿಗೆ ತರಲು, ಇನ್ನೊಂದು ಕಾಗದವನ್ನು ಒಂದು ಸಾಲು ಮೇಲೇರಿಸಲು. ಯುನಿಕ್ಸ್ ಫೈಲ್‌ಗಳಲ್ಲಿ ಎರಡನೆಯದನ್ನು ಮಾತ್ರ ಇಟ್ಟುಕೊಂಡಿತು; ಮೊದಲನೆಯದನ್ನು ಟರ್ಮಿನಲ್‌ಗೆ ಕಳಿಸುವಾಗ ಕರ್ನಲ್ ಸೇರಿಸುತ್ತದೆ. ಆ ಸೇರ್ಪಡೆ ನಿಂತರೆ ಏನಾಗುತ್ತದೆಂದು ಕೆಳಗೆ ನೋಡುತ್ತೀರಿ.

80 ಕಾಲಂ ಇನ್ನೂ ಹಳೆಯದು. 1928ರ ಐಬಿಎಂ ಪಂಚ್ ಕಾರ್ಡಿನಲ್ಲಿ 80 ಕಾಲಂ ಇತ್ತು. 1978ರಲ್ಲಿ ಡಿಇಸಿ ಕಂಪನಿ ತಂದ ವಿಟಿ100 ಟರ್ಮಿನಲ್ 80 ಕಾಲಂ, 24 ಸಾಲು ತೋರಿಸುತ್ತಿತ್ತು. ಬೇಕೆಂದರೆ 132 ಕಾಲಂ. ನಿಮ್ಮ ಇವತ್ತಿನ ಎಮ್ಯುಲೇಟರ್ ನಕಲು ಮಾಡುತ್ತಿರುವುದು ಆ ವಿಟಿ100 ಮತ್ತು ಅದರ ಮರಿಗಳನ್ನು.

ಒಂದು ಕೀ ಒತ್ತಿದರೆ ಅಕ್ಷರ ಕಾಣುವವರೆಗೆ ಏನೇನು ನಡೆಯುತ್ತದೆ?

ಕಿಟಕಿಯೊಳಗಿನ ಟರ್ಮಿನಲ್ ಎಂದುಕೊಳ್ಳಿ. ಕೀ ಒತ್ತಿದ ಸುದ್ದಿ ಕರ್ನಲ್‌ನಿಂದ ಡೆಸ್ಕ್‌ಟಾಪಿಗೆ, ಅಲ್ಲಿಂದ ಎಮ್ಯುಲೇಟರ್‌ಗೆ ಹೋಗುತ್ತದೆ. ಎಮ್ಯುಲೇಟರ್ ಅದನ್ನು ಬೈಟ್ ಮಾಡುತ್ತದೆ. ಸಣ್ಣ ‘ಎ’ ಒತ್ತಿದರೆ 97 ಎಂಬ ಒಂದೇ ಬೈಟ್. ಮೇಲಿನ ಬಾಣದ ಗುರುತಿಗೆ ಮೂರು: 27, 91, 65. ಈ ಬೈಟ್‌ಗಳು ಸೂಡೋ ಟರ್ಮಿನಲ್ ಎಂಬ ಜೋಡಿ ಕೊಳವೆಯ ಒಂದು ತುದಿಗೆ ಬೀಳುತ್ತವೆ. ಇನ್ನೊಂದು ತುದಿ ‘/ಡೆವ್/ಪಿಟಿಎಸ್/0’ ತರಹದ ಫೈಲ್. ಶೆಲ್ ಹಿಡಿದಿರುವುದು ಅದನ್ನು. ‘ಟಿಟಿವೈ’ ಎಂದು ಟೈಪ್ ಮಾಡಿದರೆ ನಿಮ್ಮದು ಎಷ್ಟನೆಯದೆಂದು ತಿಳಿಯುತ್ತದೆ.

ಕೊಳವೆಯ ನಡುವೆ ಲೈನ್ ಡಿಸಿಪ್ಲಿನ್ ಎಂಬ ಕರ್ನಲ್ ಭಾಗವಿದೆ. ಸಹಜ ಸ್ಥಿತಿಯಲ್ಲಿ ಅದು ಬಂದ ಪ್ರತಿ ಅಕ್ಷರವನ್ನೂ ಪರದೆಗೆ ವಾಪಸ್ ಕಳಿಸುತ್ತದೆ, ಅದೇ ಎಕೋ. ನೀವು ಒತ್ತಿದ ಅಕ್ಷರ ಕಾಣುವುದು ಹೀಗೆ ಒಂದು ಸುತ್ತು ಹೋಗಿ ಬಂದ ಮೇಲೆ. ಎಂಟರ್ ಒತ್ತುವವರೆಗೆ ಸಾಲನ್ನು ತನ್ನ ಬಳಿಯೇ ಇಟ್ಟುಕೊಂಡಿರುತ್ತದೆ, ಬ್ಯಾಕ್‌ಸ್ಪೇಸ್ ಬಂದರೆ ತಾನೇ ಅಳಿಸುತ್ತದೆ. ಎಂಟರ್ ಬಿದ್ದ ಮೇಲಷ್ಟೇ ಇಡೀ ಸಾಲು ಪ್ರೋಗ್ರಾಮಿನ ಕೈಗೆ.

ಬ್ಯಾಶ್‌ಗೆ ಇದು ಸಾಲದು. ಇತಿಹಾಸ ಹುಡುಕಬೇಕು, ಟ್ಯಾಬ್ ಒತ್ತಿದರೆ ಪದ ಪೂರ್ಣವಾಗಬೇಕು. ಅದಕ್ಕೆ ಅದು ಎಕೋವನ್ನೂ ಸಾಲು ಹಿಡಿದಿಡುವುದನ್ನೂ ಆಫ್ ಮಾಡಿ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ವ್ಯತ್ಯಾಸ ಕಣ್ಣಾರೆ ನೋಡಬೇಕೆ? ಬ್ಯಾಶ್‌ನಲ್ಲಿ ಮೇಲಿನ ಬಾಣ ಒತ್ತಿ: ಹಿಂದಿನ ಆಜ್ಞೆ ಬರುತ್ತದೆ. ಈಗ, ಬಂದದ್ದನ್ನು ಹಾಗೇ ತೋರಿಸುವ ‘ಕ್ಯಾಟ್’ ಎಂದಷ್ಟೇ ಕೊಟ್ಟು ಅದೇ ಬಾಣ ಒತ್ತಿ: ‘^[[ಎ’ ಎಂಬ ಕಸ. ಎಮ್ಯುಲೇಟರ್ ಎರಡು ಸಲವೂ ಅದೇ ಮೂರು ಬೈಟ್ ಕಳಿಸಿತು, ಓದಿದವರು ಬೇರೆ.

ಇಲ್ಲೇ ಒಂದು ಹೊಂಡವಿದೆ. ಕರ್ನಲ್ ಹಿಡಿದಿಡುವ ಸಾಲಿನ ಮಿತಿ ಕೊನೆಯ ಎಂಟರ್ ಸೇರಿ 4096 ಬೈಟ್. ‘ಕ್ಯಾಟ್ > ಫೈಲ್’ ಎಂದು ಕೊಟ್ಟು ಉದ್ದನೆಯ ಸರ್ಟಿಫಿಕೇಟನ್ನೋ ಟೋಕನ್ನನ್ನೋ ಒಂದೇ ಸಾಲಾಗಿ ಪೇಸ್ಟ್ ಮಾಡಿದರೆ 4095ರ ಆಚೆಗಿನದು ಸದ್ದಿಲ್ಲದೆ ಮಾಯ. ಎಚ್ಚರಿಕೆಯೂ ಬರುವುದಿಲ್ಲ. ಎಡಿಟರ್ ತೆರೆದು ಪೇಸ್ಟ್ ಮಾಡಿ.

ಕಂಟ್ರೋಲ್+ಸಿ ಒತ್ತಿದರೆ ಪ್ರೋಗ್ರಾಂ ನಿಲ್ಲುವುದು ಹೇಗೆ? ಕೆಲವೊಮ್ಮೆ ಏಕೆ ನಿಲ್ಲುವುದಿಲ್ಲ?

ಕಂಟ್ರೋಲ್ ಜೊತೆ ಒತ್ತಿದ ದೊಡ್ಡಕ್ಷರದ ಆಸ್ಕಿ ಸಂಖ್ಯೆಯಿಂದ 64 ಕಳೆಯಿರಿ; ಹೊರಡುವ ಬೈಟ್ ಅದು. ಸಿ 67, ಹಾಗಾಗಿ ಕಂಟ್ರೋಲ್+ಸಿ ಎಂದರೆ 3. ಈ 3 ಕಂಡೊಡನೆ ಲೈನ್ ಡಿಸಿಪ್ಲಿನ್ ಅದನ್ನು ನುಂಗಿ, ಮುನ್ನೆಲೆಯಲ್ಲಿರುವ ಪ್ರೋಗ್ರಾಮುಗಳಿಗೆ ಸಿಗ್‌ಇಂಟ್ ಎಂಬ ಸಿಗ್ನಲ್ ಕಳಿಸುತ್ತದೆ. ಕಂಟ್ರೋಲ್+ಝಡ್ 26: ಪ್ರೋಗ್ರಾಂ ಅಮಾನತು, ‘ಎಫ್‌ಜಿ’ ಎಂದರೆ ಮತ್ತೆ ಶುರು. ಕಂಟ್ರೋಲ್ ಜೊತೆ ಹಿಂಬಾಗಿದ ಓರೆಗೆರೆ 28: ಸಿಗ್‌ಕ್ವಿಟ್, ಕಂಟ್ರೋಲ್+ಸಿಗೆ ಜಗ್ಗದ್ದು ಇದಕ್ಕೆ ಜಗ್ಗಬಹುದು. ಇದೇ ಲೆಕ್ಕದಲ್ಲಿ ಕಂಟ್ರೋಲ್+ಐ ಎಂದರೆ 9, ಅಂದರೆ ಟ್ಯಾಬ್. ಎರಡೂ ಒಂದೇ ಬೈಟ್ ಆದ್ದರಿಂದ ಸಾಮಾನ್ಯ ಟರ್ಮಿನಲ್ಲಿನಲ್ಲಿ ಇವನ್ನು ಬೇರೆ ಬೇರೆ ಶಾರ್ಟ್‌ಕಟ್ ಮಾಡಲು ಬರುವುದಿಲ್ಲ.

ಕಂಟ್ರೋಲ್+ಡಿ ಸಿಗ್ನಲ್ ಅಲ್ಲ. ‘ಇಲ್ಲಿವರೆಗೆ ಕೂಡಿಟ್ಟದ್ದನ್ನು ಈಗಲೇ ಕೊಡು’ ಎಂಬ ಸೂಚನೆ ಅಷ್ಟೇ. ಕೂಡಿಟ್ಟದ್ದು ಏನೂ ಇಲ್ಲದಿದ್ದರೆ ಪ್ರೋಗ್ರಾಮಿಗೆ ಸೊನ್ನೆ ಬೈಟ್ ಸಿಗುತ್ತದೆ, ಅದು ‘ಫೈಲ್ ಮುಗಿಯಿತು’ ಎಂದು ತಿಳಿಯುತ್ತದೆ. ಸಾಲಿನ ನಡುವೆ ಇದ್ದಾಗ ಎರಡು ಸಲ ಒತ್ತಬೇಕಾಗುವುದು ಇದಕ್ಕೇ.

ನಿಲ್ಲದಿರಲು ಮೂರು ಕಾರಣ. ವಿಮ್ ಎಡಿಟರ್‌ನಂಥ ಪ್ರೋಗ್ರಾಂ ಸಿಗ್ನಲ್ ಏರ್ಪಾಡನ್ನು ತನಗೆ ಬೇಕಾದಂತೆ ಬದಲಿಸಿಕೊಂಡಿರಬಹುದು. ಸಿಗ್ನಲ್ ಬಂದರೂ ಅಲಕ್ಷಿಸುವಂತೆ ಬರೆದಿರಬಹುದು. ಅಥವಾ ಕೆಟ್ಟ ಡಿಸ್ಕಿಗೋ ನಾಪತ್ತೆಯಾದ ನೆಟ್‌ವರ್ಕ್ ಡ್ರೈವಿಗೋ ಕಾಯುತ್ತ ಕರ್ನಲ್ ಒಳಗೇ ಸಿಕ್ಕಿಕೊಂಡಿರಬಹುದು; ‘ಪಿಎಸ್’ ಪಟ್ಟಿಯಲ್ಲಿ ಸ್ಥಿತಿ ದೊಡ್ಡ ‘ಡಿ’ ಎಂದಿದ್ದರೆ ಇದೇ. ಆಗ ‘ಕಿಲ್ -9’ ಕೂಡ ಸಾಮಾನ್ಯವಾಗಿ ಫಲ ಕೊಡದು.

ಕಂಟ್ರೋಲ್+ಎಸ್ ಒತ್ತಿದೆ, ಟರ್ಮಿನಲ್ ಕಲ್ಲಾಯಿತು!

ಕಂಟ್ರೋಲ್+ಕ್ಯೂ ಒತ್ತಿ. ಎಸ್ ಎಂದರೆ 19, ‘ನಿಲ್ಲಿಸು’. ಕ್ಯೂ ಎಂದರೆ 17, ‘ಮುಂದುವರಿಸು’. ಟೆಲಿಟೈಪ್ ಕಾಲದ ಸಂಜ್ಞೆ. ಈ ಕಾಟ ಬೇಡವೆಂದರೆ, ಬ್ಯಾಶ್ ಶುರುವಾಗುವಾಗ ಓದುವ ಹೋಮ್ ಡೈರೆಕ್ಟರಿಯ ‘.ಬ್ಯಾಶ್‌ಆರ್‌ಸಿ’ ಫೈಲ್‌ನಲ್ಲಿ ‘ಎಸ್‌ಟಿಟಿವೈ -ಐಎಕ್ಸ್‌ಆನ್’ ಎಂದು ಸೇರಿಸಿ. ಲಾಭವೂ ಇದೆ: ಕಂಟ್ರೋಲ್+ಆರ್ ಹಿಡಿದು ಇತಿಹಾಸದಲ್ಲಿ ಹಿಂದಕ್ಕೆ ಹುಡುಕುವಾಗ ಮುಂದೆ ದಾಟಿಹೋದರೆ, ಕಂಟ್ರೋಲ್+ಎಸ್ ವಾಪಸು ತರುತ್ತದೆ.

ಯಾವುದೋ ಫೈಲ್‌ಗೆ ‘ಕ್ಯಾಟ್’ ಕೊಟ್ಟೆ. ಅಕ್ಷರಗಳೆಲ್ಲ ಗೆರೆ, ಮೂಲೆ, ಚೌಕಗಳಾಗಿವೆ. ಇನ್ನೊಮ್ಮೆ, ಟೈಪ್ ಮಾಡಿದ್ದೇ ಕಾಣುತ್ತಿಲ್ಲ.

ಇವೆರಡು ಬೇರೆ ಬೇರೆ ಕಾಯಿಲೆ.

ಮೊದಲನೆಯದು ಎಮ್ಯುಲೇಟರಿನದು. ಚಿತ್ರದ್ದೋ ಜಿಪ್ಪಿನದೋ ಬೈಟ್‌ಗಳಲ್ಲಿ 14 ಎಂಬುದು ಸಿಕ್ಕಿದರೆ ಅನೇಕ ಎಮ್ಯುಲೇಟರ್‌ಗಳು ಅದನ್ನು ‘ಇನ್ನೊಂದು ಅಕ್ಷರಮಾಲೆಗೆ ಹೋಗು’ ಎಂಬ ಆದೇಶವಾಗಿ ಓದುತ್ತವೆ. ವಿಟಿ100ರಲ್ಲಿ ಡಬ್ಬಿ, ಗೆರೆ ಬಿಡಿಸಲು ಒಂದು ಅಕ್ಷರಮಾಲೆ ಇತ್ತಲ್ಲ, ನೀವು ನೋಡುತ್ತಿರುವುದು ಅದನ್ನು. ‘ರಿಸೆಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಾಣುವುದು ಕಸವಾದರೂ ಹೋಗುವ ಬೈಟ್ ಸರಿಯಾಗಿಯೇ ಇರುತ್ತದೆ.

ಎರಡನೆಯದು ಕರ್ನಲ್ ಪದರದ್ದು. ಪಾಸ್‌ವರ್ಡ್ ಕೇಳುತ್ತಿದ್ದ ಅಥವಾ ಪೂರ್ತಿ ಪರದೆ ಬಳಸುತ್ತಿದ್ದ ಪ್ರೋಗ್ರಾಂ ಅರ್ಧದಲ್ಲೇ ಸತ್ತಿದೆ, ಆಫ್ ಮಾಡಿದ ಎಕೋ ಹಾಗೇ ಉಳಿದಿದೆ. ಕುರುಡಾಗಿಯೇ ‘ಎಸ್‌ಟಿಟಿವೈ ಸೇನ್’ ಎಂದು ಟೈಪ್ ಮಾಡಿ. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್+ಜೆ ಒತ್ತಿ: ಎಂಟರ್ ಕಳಿಸುವುದು 13, ಅದನ್ನು 10 ಮಾಡಿಕೊಡುವುದು ಕರ್ನಲ್, ಆ ಪರಿವರ್ತನೆ ನಿಂತಿರುವಾಗ ನೇರವಾಗಿ 10 ಕಳಿಸುವ ದಾರಿ ಇದು. ಸಾಲುಗಳು ಎಡಕ್ಕೆ ಬರದೆ ಮೆಟ್ಟಿಲಿನಂತೆ ಬಲಕ್ಕೆ ಇಳಿಯುತ್ತಿದ್ದರೆ ಮೇಲೆ ಹೇಳಿದ ಸಾಲುಮುಗಿತದ ಸೇರ್ಪಡೆ ನಿಂತಿದೆ, ಮದ್ದು ಅದೇ.

ಮೌಸ್ ಅಲ್ಲಾಡಿಸಿದರೆ ಪರದೆಗೆ ಅಂಕಿ, ಆವರಣ ಚಿಹ್ನೆಗಳು ಸುರಿಯುತ್ತಿವೆಯೆ? ಅದು ಮತ್ತೆ ಎಮ್ಯುಲೇಟರಿನದು: ಮೌಸ್ ಸುದ್ದಿ ಕಳಿಸು ಎಂದು ಕೇಳಿದ್ದ ಪ್ರೋಗ್ರಾಂ, ನಿಲ್ಲಿಸು ಎನ್ನುವ ಮೊದಲೇ ಹೋಗಿಬಿಟ್ಟಿದೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸಂಪರ್ಕ ಕಡಿದಾಗ ಹೀಗಾಗುವುದು ಮಾಮೂಲು. ‘ಎಸ್‌ಟಿಟಿವೈ’ ಇದನ್ನು ಮುಟ್ಟಲಾರದು, ‘ರಿಸೆಟ್’ ಬೇಕು. ಅದಕ್ಕೂ ಬಗ್ಗದಿದ್ದರೆ ಎಮ್ಯುಲೇಟರಿನ ಮೆನುವಿನಲ್ಲಿರುವ ರಿಸೆಟ್.

ಟರ್ಮ್ ವೇರಿಯಬಲ್‌ಗೆ ಏನು ಬೆಲೆ ಕೊಡಬೇಕು?

ನೀವು ಕೊಡಬೇಡಿ. ಎಮ್ಯುಲೇಟರ್ ತಾನೇ ಕೊಡುತ್ತದೆ. ಬ್ಯಾಶ್‌ಆರ್‌ಸಿಯಲ್ಲಿ ಬಲವಂತವಾಗಿ ಬರೆದಿಟ್ಟವರೇ ಮುಂದೆ ಬಣ್ಣ ಹೋಯಿತು, ಹೋಮ್ ಕೀ ಕೆಟ್ಟಿತು ಎಂದು ಬರುವವರು.

ಈ ಹೆಸರಿನ ಉಪಯೋಗ ಹೀಗೆ. ಒಂದು ಕಾಲದಲ್ಲಿ ಪ್ರತಿ ಕಂಪನಿಯ ಟರ್ಮಿನಲ್‌ಗೂ ತನ್ನದೇ ಸಂಕೇತಭಾಷೆ ಇತ್ತು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಅವನ್ನೆಲ್ಲ ಟರ್ಮ್‌ಕ್ಯಾಪ್ ಎಂಬ ಒಂದು ಪಟ್ಟಿಗೆ ತಂದರು. ಅದರ ಉತ್ತರಾಧಿಕಾರಿ ಟರ್ಮಿನ್ಫೋ. ವಿಮ್, ಲೆಸ್ ಮೊದಲಾದವು ಟರ್ಮ್‌ನಲ್ಲಿರುವ ಹೆಸರನ್ನು ಆ ಪಟ್ಟಿಯಲ್ಲಿ ಹುಡುಕಿ ಪರದೆ ಅಳಿಸುವುದು ಹೇಗೆ, ಬಣ್ಣ ಎಷ್ಟು ಎಂದು ತಿಳಿಯುತ್ತವೆ. ಹೆಚ್ಚಿನ ಕಿಟಕಿಗಳಲ್ಲಿ ಬೆಲೆ ‘ಎಕ್ಸ್‌ಟರ್ಮ್-256ಕಲರ್’, ಕರ್ನಲ್ ಕನ್ಸೋಲಿನಲ್ಲಿ ‘ಲಿನಕ್ಸ್’, ಟಿಮಕ್ಸ್ (ಟಿ, ಎಮ್, ಯು, ಎಕ್ಸ್; ಕಿಟಕಿ ಮುಚ್ಚಿದರೂ ಕೆಲಸ ಉಳಿಸುವ ಪ್ರೋಗ್ರಾಂ) ಒಳಗೆ ‘ಟಿಮಕ್ಸ್-256ಕಲರ್’ ಅಥವಾ ‘ಸ್ಕ್ರೀನ್’ನಿಂದ ಶುರುವಾಗುವ ಹೆಸರು.

ತೊಂದರೆ ಬರುವುದು ಎಸ್‌ಎಸ್‌ಎಚ್‌ನಲ್ಲಿ. ಹೆಸರು ಆಚೆಯ ಯಂತ್ರಕ್ಕೆ ಹೋಗುತ್ತದೆ, ಆದರೆ ಆ ಯಂತ್ರದ ಪಟ್ಟಿ ಹಳೆಯದಾದರೆ ಹೆಸರು ಅಲ್ಲಿರುವುದಿಲ್ಲ. ‘ಕಿಟಿ’ಯಂಥ ಹೊಸ ಎಮ್ಯುಲೇಟರ್ ಬಳಸುವವರಿಗೆ ಇದು ದಿನನಿತ್ಯದ ಗೋಳು. ನಿಮ್ಮ ಯಂತ್ರದಿಂದ ‘ಇನ್ಫೋಕಂಪ್ -ಎಕ್ಸ್ | ಎಸ್‌ಎಸ್‌ಎಚ್ ಆಚೆಯಂತ್ರ ಟಿಕ್ -ಎಕ್ಸ್ -’ ಎಂದು ಒಮ್ಮೆ ಓಡಿಸಿ. ‘ಆಚೆಯಂತ್ರ’ದ ಜಾಗದಲ್ಲಿ ಅದರ ಹೆಸರು ಹಾಕಿ, ಎಕ್ಸ್ ಎರಡೂ ಕಡೆ ಸಣ್ಣದು. ‘ಇನ್ಫೋಕಂಪ್’ನ ಕೊನೆಯ ಅಕ್ಷರಗಳು ಸಿ, ಎಮ್, ಪಿ; ‘ಟಿಕ್’ ಎಂದರೆ ಟಿ, ಐ, ಸಿ. ನಿಮ್ಮ ನಮೂದು ಅಲ್ಲಿನ ನಿಮ್ಮ ಹೋಮ್ ಡೈರೆಕ್ಟರಿಗೆ ಸೇರುತ್ತದೆ, ರೂಟ್ ಅಧಿಕಾರ ಬೇಡ.

ಬಣ್ಣಗಳು 16, 256, 1.6 ಕೋಟಿ ಎಂದೆಲ್ಲ ಹೇಳುತ್ತಾರಲ್ಲ?

27ನೇ ಬೈಟ್, ಚೌಕ ಆವರಣ, ನಂತರ ‘31ಎಮ್’: ಇಷ್ಟು ಬಂದರೆ ಮುಂದಿನ ಅಕ್ಷರ ಕೆಂಪು. ಮೂಲ ಬಣ್ಣ 16, ಅವು ಹೇಗೆ ಕಾಣಬೇಕೆಂಬುದು ನಿಮ್ಮ ಥೀಮಿಗೆ ಬಿಟ್ಟದ್ದು. 256ರ ಲೆಕ್ಕ: ಆ 16, ಜೊತೆಗೆ 6×6×6 ಎಂದು 216, ಬೂದಿಯ 24 ಛಾಯೆ. ಮೂರನೆಯದರಲ್ಲಿ ಕೆಂಪು, ಹಸಿರು, ನೀಲಿಗೆ ತಲಾ 256 ಹಂತ, ಒಟ್ಟು 1,67,77,216.

ಕಿಟಕಿ ದೊಡ್ಡದು ಮಾಡಿದರೂ ಪ್ರೋಗ್ರಾಂ 80×24ರಲ್ಲೇ ಕೂತಿದೆ.

ಕಿಟಕಿಯ ಅಳತೆ ಬದಲಾದಾಗ ಎಮ್ಯುಲೇಟರ್ ಅದನ್ನು ಕರ್ನಲ್‌ಗೆ ಹೇಳುತ್ತದೆ. ಕರ್ನಲ್ ಸಿಗ್‌ವಿಂಚ್ ಎಂಬ ಸಿಗ್ನಲ್ ಕಳಿಸುತ್ತದೆ. ಪ್ರೋಗ್ರಾಂ ಹೊಸ ಅಳತೆ ಕೇಳಿ ಪರದೆ ಮತ್ತೆ ಬಿಡಿಸುತ್ತದೆ. ಎಸ್‌ಎಸ್‌ಎಚ್ ಈ ಸುದ್ದಿಯನ್ನು ದಾಟಿಸುತ್ತದೆ. ಸೀರಿಯಲ್ ತಂತಿ ದಾಟಿಸುವುದಿಲ್ಲ, ಅದರಲ್ಲಿ ಓಡುವುದು ಬೈಟ್ ಮಾತ್ರ. ಅಲ್ಲಿ ‘ಎಸ್‌ಟಿಟಿವೈ ರೋಸ್ 50 ಕೋಲ್ಸ್ 160’ ಎಂದು ಕೈಯಾರೆ ಹೇಳಬೇಕು. ಎಕ್ಸ್‌ಟರ್ಮ್ ಜೊತೆ ಬರುವ ‘ರಿಸೈಜ್’ ಇದ್ದರೆ ಅದೇ ಅಳೆದು ಹೇಳುತ್ತದೆ.

ಅಳತೆ ಸರಿಯಿದ್ದೂ ಉದ್ದ ಆಜ್ಞೆ ಮಡಚುವಾಗ ಅದೇ ಸಾಲಿನ ಮೇಲೆ ಬರೆದುಕೊಂಡು ಹೋಗುತ್ತಿದ್ದರೆ ತಪ್ಪು ನಿಮ್ಮ ಪ್ರಾಂಪ್ಟಿನದು. ಪ್ರಾಂಪ್ಟನ್ನು ಹೇಳುವ ಪಿಎಸ್1 ವೇರಿಯಬಲ್‌ನಲ್ಲಿ ಬಣ್ಣದ ಸಂಕೇತಗಳಿಗಿಂತ ಮೊದಲು ‘\[’, ನಂತರ ‘\]’ ಹಾಕದಿದ್ದರೆ ಬ್ಯಾಶ್ ಅವನ್ನೂ ಕಾಣುವ ಅಕ್ಷರವೆಂದು ಎಣಿಸಿ ಲೆಕ್ಕ ತಪ್ಪುತ್ತದೆ.

ಪರದೆಯೇ ಇಲ್ಲದ ಬೋರ್ಡಿಗೆ ಸೀರಿಯಲ್ ಕನ್ಸೋಲ್ ಹಾಕುವುದು ಹೇಗೆ?

ತಂತಿ ಮೂರು ಸಾಕು: ಕಳಿಸುವುದು (ಟಿಎಕ್ಸ್), ಪಡೆಯುವುದು (ಆರ್‌ಎಕ್ಸ್), ಗ್ರೌಂಡ್. ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸ್‌ಗೆ ಅಡ್ಡ ಜೋಡಿಸಬೇಕು. ರಾಸ್ಪ್‌ಬೆರಿ ಪೈ 3, 4ರ 40 ಪಿನ್ ಸಾಲಿನಲ್ಲಿ 6ನೆಯದು ಗ್ರೌಂಡ್, 8 ಟಿಎಕ್ಸ್, 10 ಆರ್‌ಎಕ್ಸ್. 3.3 ವೋಲ್ಟಿನ ಯುಎಸ್‌ಬಿ ಅಡಾಪ್ಟರನ್ನೇ ಬಳಸಿ. 5 ವೋಲ್ಟಿನ ಸಂಕೇತ ಆ ಪಿನ್ನನ್ನು ಸುಡಬಹುದು, ಹಳೆಯ ಪಿಸಿಯ ಒಂಬತ್ತು ಪಿನ್ನಿನ ಪೋರ್ಟನ್ನಂತೂ ನೇರ ಜೋಡಿಸಲೇಬೇಡಿ. ಅಡಾಪ್ಟರಿನ ವಿದ್ಯುತ್ ತಂತಿಯನ್ನು ಖಾಲಿ ಬಿಡಿ, ಬೋರ್ಡಿಗೆ ಅದರದೇ ಚಾರ್ಜರ್ ಇರಲಿ. ‘ಕಾನ್ಫಿಗ್.ಟಿಎಕ್ಸ್‌ಟಿ’ಯಲ್ಲಿ ‘ಎನೇಬಲ್_ಯುಎಆರ್‌ಟಿ=1’ ಸೇರಿಸಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ‘ಸ್ಕ್ರೀನ್ /ಡೆವ್/ಟಿಟಿವೈಯುಎಸ್‌ಬಿ0 115200’. ಇಲ್ಲಿ ಯುಎಸ್‌ಬಿ ಮೂರೂ ದೊಡ್ಡಕ್ಷರ. ಹೊರಬರಲು ಕಂಟ್ರೋಲ್+ಎ, ಆಮೇಲೆ ಕೆ, ಆಮೇಲೆ ವೈ.

ಸಾಮಾನ್ಯ ಪಿಸಿ ಅಥವಾ ಸರ್ವರ್ ಆದರೆ ಕರ್ನಲ್ ಸಾಲಿಗೆ ‘ಕನ್ಸೋಲ್=ಟಿಟಿವೈ0 ಕನ್ಸೋಲ್=ಟಿಟಿವೈಎಸ್0,115200’ ಎಂದು ಸೇರಿಸಿ; ಎರಡನೆಯದರ ಎಸ್ ದೊಡ್ಡದು. ಕರ್ನಲ್ ಸಂದೇಶ ಎರಡಕ್ಕೂ ಹೋಗುತ್ತದೆ, ಆದರೆ ಕೊನೆಯಲ್ಲಿ ಬರೆದದ್ದೇ ಮುಖ್ಯ ಕನ್ಸೋಲ್.

ಕೆಡುವ ಬಗೆಗಳು: ಕಸ ಅಕ್ಷರ ಬಂದರೆ ವೇಗ ಹೊಂದಿಲ್ಲ. ‘ಅನುಮತಿ ಇಲ್ಲ’ ಎಂದರೆ ನೀವು ‘ಡಯಲ್‌ಔಟ್’ ಗುಂಪಿನಲ್ಲಿಲ್ಲ. ಸೇರಿಸಿಕೊಂಡ ಮೇಲೆ ಲಾಗೌಟ್ ಆಗಿ ಬನ್ನಿ. ಸಂದೇಶ ಕಾಣುತ್ತದೆ, ಟೈಪ್ ಮಾಡಿದ್ದು ಹೋಗುವುದಿಲ್ಲ ಎಂದರೆ ‘ಸ್ಕ್ರೀನ್’ ಬದಲು ಮಿನಿಕಾಮ್ ಬಳಸುವವರು ಮೊದಲು ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆಫ್ ಮಾಡಿ. ಮೂರೇ ತಂತಿ ಇರುವಾಗ ‘ಕಳಿಸಬಹುದು’ ಎಂಬ ಹಸಿರು ನಿಶಾನೆ ಎಂದೂ ಬರುವುದಿಲ್ಲ, ಮಿನಿಕಾಮ್ ಅದಕ್ಕೇ ಕಾಯುತ್ತ ಕೂರುತ್ತದೆ. ಇನ್ನು 9600 ವೇಗದಲ್ಲಿ ಪೂರ್ತಿ ಪರದೆಯ ಎಡಿಟರ್ ತೆರೆಯುವ ಸಾಹಸ ಬೇಡ: ಒಂದು ಅಕ್ಷರಕ್ಕೆ 10 ಬಿಟ್, ಸೆಕೆಂಡಿಗೆ 960 ಅಕ್ಷರ, 80×24ರ ಒಂದು ಪರದೆಗೆ 1920. ಅಂದರೆ ಪ್ರತಿ ಸಲ ಪರದೆ ಬದಲಾದಾಗಲೂ ಎರಡು ಸೆಕೆಂಡು.

ಡೆಸ್ಕ್‌ಟಾಪ್ ಹೆಪ್ಪುಗಟ್ಟಿದೆ. ರೀಬೂಟ್ ಮಾಡದೆ ಬಿಡಿಸಿಕೊಳ್ಳಬಹುದೆ?

ಕಂಟ್ರೋಲ್+ಆಲ್ಟ್+ಎಫ್3 ಒತ್ತಿ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್‌ಎನ್ ಕೀಯೂ ಬೇಕು. ಬರುವುದು ಕರ್ನಲ್‌ನದೇ ವರ್ಚುವಲ್ ಕನ್ಸೋಲ್. ಡೆಸ್ಕ್‌ಟಾಪಿಗೂ ಇದಕ್ಕೂ ಸಂಬಂಧವಿಲ್ಲ. ಇಂಥವು 63ರವರೆಗೆ ಸಾಧ್ಯ, ಬಳಕೆಯಲ್ಲಿರುವುದು ಆರು. ಲಾಗಿನ್ ಆಗಿ ‘ಟಾಪ್’ನಲ್ಲಿ ಅಪರಾಧಿಯನ್ನು ಹುಡುಕಿ ಕೊಲ್ಲಿ. ವಾಪಸ್ ಹೋಗಲು ಗ್ನೋಮ್‌ನಲ್ಲಿ ಸಾಮಾನ್ಯವಾಗಿ ಎಫ್2, ಇಲ್ಲವೆ ಎಫ್1.

ಇಲ್ಲಿ ಶಿಫ್ಟ್+ಪೇಜ್‌ಅಪ್ ಒತ್ತಿ ಮೇಲಕ್ಕೆ ಸರಿಸಲು ಯತ್ನಿಸಬೇಡಿ. 2020ರಲ್ಲಿ ಕರ್ನಲ್ 5.9ರಿಂದ ಆ ಸೌಲಭ್ಯ ತೆಗೆದುಹಾಕಿದರು. ನೋಡಿಕೊಳ್ಳುವವರಿಲ್ಲದ ಕೋಡ್‌ನಲ್ಲಿ ಭದ್ರತಾ ದೋಷಗಳು ಸಿಗುತ್ತಿದ್ದವು. ಉದ್ದ ಔಟ್‌ಪುಟ್ಟನ್ನು ‘| ಲೆಸ್’ಗೆ ಕೊಡಿ.

ಕನ್ಸೋಲೂ ಬರದಿದ್ದರೆ ಆಲ್ಟ್+ಸಿಸ್‌ಆರ್‌ಕ್ಯೂ (ಸಾಮಾನ್ಯವಾಗಿ ಪ್ರಿಂಟ್‌ಸ್ಕ್ರೀನ್ ಕೀ) ಹಿಡಿದು ಆರ್ ಒತ್ತಿ ಕೀಬೋರ್ಡನ್ನು ಡೆಸ್ಕ್‌ಟಾಪಿನಿಂದ ಕಿತ್ತುಕೊಳ್ಳಿ ಎಂದು ಎಲ್ಲೆಡೆ ಬರೆದಿರುತ್ತಾರೆ. ಉಬುಂಟುವಿನಲ್ಲಿ ಅದು ನಡೆಯುವುದಿಲ್ಲ, ಕಾರಣ ಯಾರೂ ಹೇಳುವುದಿಲ್ಲ: ಅಲ್ಲಿ ‘ಕರ್ನಲ್.ಸಿಸ್‌ಆರ್‌ಕ್ಯೂ’ ಬೆಲೆ 176, ಅಂದರೆ 128+32+16. ರೀಬೂಟ್, ಡಿಸ್ಕನ್ನು ಓದಲು-ಮಾತ್ರ ಮಾಡುವುದು, ಸಿಂಕ್ (ಬರೆಯದೆ ಉಳಿದದ್ದನ್ನು ಡಿಸ್ಕಿಗೆ ಬರೆಯುವುದು) ಇವಕ್ಕೆ ಅನುಮತಿ ಇದೆ. ಕೀಬೋರ್ಡಿನ 4 ಅದರಲ್ಲಿಲ್ಲ. ಎಸ್, ಯು, ಬಿ ಕ್ರಮವಾಗಿ ಒತ್ತಿದರೆ ಡಿಸ್ಕ್ ಕೆಡದಂತೆ ರೀಬೂಟ್ ಮಾಡಬಹುದು, ಅಷ್ಟೇ.

ಬೂಟ್ ಆದರೆ ಬರೀ ಕಪ್ಪು ಪರದೆ. ‘ನೋಮೋಡ್‌ಸೆಟ್’ ಹಾಕು ಅನ್ನುತ್ತಾರೆ. ಏನದು?

ಹಳೆಯ ವಿಜಿಎ ಪಠ್ಯ ಸ್ಥಿತಿಯಲ್ಲಿ 80×25 ಕೋಣೆ, ಕೋಣೆಗೆ ಎರಡು ಬೈಟ್: ಒಂದು ಅಕ್ಷರಕ್ಕೆ, ಒಂದು ಬಣ್ಣಕ್ಕೆ. ಒಟ್ಟು 4000 ಬೈಟ್ ಮೆಮೊರಿಗೆ ಬರೆದರೆ ಪರದೆ ತುಂಬುತ್ತಿತ್ತು, ಅಕ್ಷರ ಬಿಡಿಸುವುದು ವಿಡಿಯೊ ಕಾರ್ಡಿನ ಪಾಡು. ಹಳೆಯ ಬಯಾಸ್ ಬದಲಿಗೆ ಬಂದ ಇಂದಿನ ಯುಇಎಫ್‌ಐ ಬೂಟ್‌ನಲ್ಲಿ ಆ ಏರ್ಪಾಡು ಸಿಗುವುದಿಲ್ಲ. ಫ್ರೇಂಬಫರ್ ಎಂಬ ಮೆಮೊರಿಯಲ್ಲಿ ಕರ್ನಲ್ ಒಂದೊಂದು ಪಿಕ್ಸೆಲ್ಲನ್ನೂ ತಾನೇ ಬಿಡಿಸುತ್ತದೆ. ಮಾನಿಟರಿನ ರೆಸಲ್ಯೂಶನ್ ಗೊತ್ತುಮಾಡುವ ಕೆಲಸವೂ 2009ರ 2.6.29ರಿಂದ ಕರ್ನಲ್ ಕೈಗೆ ಬರತೊಡಗಿತು. ಕಾರ್ಡಿನ ಡ್ರೈವರ್ ಇಲ್ಲಿ ಎಡವಿದರೆ ಪರದೆ ಕಪ್ಪು. ‘ನೋಮೋಡ್‌ಸೆಟ್’ ಎಂದರೆ ‘ಆ ಡ್ರೈವರಿನ ಸುದ್ದಿಗೆ ಹೋಗಬೇಡ, ಫರ್ಮ್‌ವೇರ್ ಬಿಟ್ಟುಹೋದ ಫ್ರೇಂಬಫರಿನಲ್ಲೇ ಸುಧಾರಿಸು’ ಎಂದಂತೆ.

ಯಂತ್ರ ಆನ್ ಆಗುವಾಗ ಬೂಟ್ ಆಯ್ಕೆಗಳ ಗ್ರಬ್ ಮೆನು ತರಿಸಿ: ಬಯಾಸ್ ಆದರೆ ಶಿಫ್ಟ್ ಹಿಡಿದಿರಿ, ಯುಇಎಫ್‌ಐ ಆದರೆ ಎಸ್ಕೇಪ್ ಒಂದೇ ಸಲ. ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಜಾಗ ಬಿಟ್ಟು ‘ನೋಮೋಡ್‌ಸೆಟ್’ ಬರೆದು ಕಂಟ್ರೋಲ್+ಎಕ್ಸ್. ಬದಲಾವಣೆ ಈ ಒಂದು ಬೂಟಿಗೆ ಮಾತ್ರ. ಒಳಗೆ ಹೋದಮೇಲೆ ‘ಜರ್ನಲ್‌ಸಿಟಿಎಲ್ -ಬಿ -1 -ಕೆ’ ಕೊಟ್ಟು ಹಿಂದಿನ ಬೂಟಿನ ಕರ್ನಲ್ ಸಂದೇಶ ಓದಿ, ಡ್ರೈವರ್ ಸರಿಮಾಡಿ. ಕಾಯಂ ಆಗಿ ಬಿಟ್ಟರೆ ಗ್ರಾಫಿಕ್ಸ್ ಕೆಲಸವೆಲ್ಲ ಸಿಪಿಯು ಮೇಲೆ ಬಿದ್ದು ವಿಡಿಯೊ ಕುಂಟುತ್ತದೆ.

‘ಡಿಸ್‌ಪ್ಲೇ ತೆರೆಯಲಾಗಲಿಲ್ಲ’ ಎಂಬ ದೋಷ ಏಕೆ?

ಎಕ್ಸ್ ವಿಂಡೋ ವ್ಯವಸ್ಥೆ 1984ರಲ್ಲಿ ಎಂಐಟಿಯಲ್ಲಿ ಹುಟ್ಟಿತು, ಈಗಿನ 11ನೇ ಆವೃತ್ತಿ 1987ರದ್ದು. ಅದರಲ್ಲಿ ಪರದೆ ಇರುವ ಯಂತ್ರ ಸರ್ವರ್, ಕಿಟಕಿ ತೆರೆಯಬಯಸುವ ಪ್ರೋಗ್ರಾಂ ಕ್ಲೈಂಟ್. ದೂರದ ದೊಡ್ಡ ಯಂತ್ರದಲ್ಲಿ ಪ್ರೋಗ್ರಾಂ ಓಡುತ್ತಿದ್ದರೂ ಸರ್ವರ್ ಎಂದರೆ ನಿಮ್ಮ ಮೇಜಿನದೇ. ಯಾವ ಸರ್ವರನ್ನು ಹುಡುಕಬೇಕೆಂದು ಹೇಳುವುದು ಡಿಸ್‌ಪ್ಲೇ ವೇರಿಯಬಲ್. ‘:0’ ಎಂದರೆ ಇದೇ ಯಂತ್ರ. ಅದು ಖಾಲಿ ಇದ್ದರೆ, ಅಥವಾ ಒಳಬಿಡಲು ಬೇಕಾದ ಗುಟ್ಟಿನ ಕುಕಿ ಇಲ್ಲದಿದ್ದರೆ ಈ ದೋಷ. ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಲ್ಲಿ ಓಡಿಸಿದ್ದಕ್ಕೆ ವೇರಿಯಬಲ್ ಇರುವುದಿಲ್ಲ, ‘ಸುಡೋ’ ಜೊತೆ ಓಡಿಸಿದ್ದಕ್ಕೆ ಎಷ್ಟೋ ಸಲ ಕುಕಿ ಇರುವುದಿಲ್ಲ.

ದೂರದ ಯಂತ್ರಕ್ಕೆ ‘ಎಸ್‌ಎಸ್‌ಎಚ್’ ಜೊತೆ ದೊಡ್ಡ ‘-ಎಕ್ಸ್’ ಕೊಟ್ಟು ಹೋಗಿ. ಅದು ತಾನೇ ‘ಲೋಕಲ್‌ಹೋಸ್ಟ್:10.0’ ಎಂದು ಬರೆಯುತ್ತದೆ, ಹಿಂದೆ 6010ನೇ ಪೋರ್ಟ್ ಕೆಲಸ ಮಾಡುತ್ತದೆ. ಡಿಸ್‌ಪ್ಲೇ ಸಂಖ್ಯೆಗೆ 6000 ಕೂಡಿಸಿದರೆ ಪೋರ್ಟ್. ಕೈಯಾರೆ ‘:0’ ಬರೆದು ಕೆಡಿಸಬೇಡಿ. ಆಗಲೂ ಬರದಿದ್ದರೆ ಆಚೆಯ ಯಂತ್ರದಲ್ಲಿ ‘ಎಕ್ಸ್‌ಆತ್’ ಇಲ್ಲದಿರುವುದೇ ಹೆಚ್ಚಿನ ಸಲ ಕಾರಣ.

2008ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಶುರುಮಾಡಿದ ವೇಲ್ಯಾಂಡ್ ಎಕ್ಸ್‌ಗೆ ಬದಲಿ; ಅದರಲ್ಲಿ ಪ್ರೋಗ್ರಾಂ ತನ್ನ ಚಿತ್ರವನ್ನು ತಾನೇ ಬಿಡಿಸಿ, ಕಿಟಕಿಗಳನ್ನು ಪರದೆಗೆ ಜೋಡಿಸುವ ಕಂಪೋಸಿಟರ್‌ಗೆ ಒಪ್ಪಿಸುತ್ತದೆ. ಒಂದು ಕಿಟಕಿ ಇನ್ನೊಂದರ ಕೀ ಒತ್ತಾಟವನ್ನು ಕದ್ದು ಕೇಳಲಾರದು. ಹಳೆಯ ಪ್ರೋಗ್ರಾಮಿಗೆ ಎಕ್ಸ್‌ವೇಲ್ಯಾಂಡ್ ಇದೆ. ನಿಮ್ಮದು ಯಾವುದೆಂದು ಎಕ್ಸ್‌ಡಿಜಿ_ಸೆಷನ್_ಟೈಪ್ ವೇರಿಯಬಲ್ ಹೇಳುತ್ತದೆ.

ಕಿಟಕಿ ಮುಚ್ಚಿದರೆ ಒಳಗೆ ಓಡುತ್ತಿದ್ದದ್ದೂ ಸಾಯುತ್ತದೆಯಲ್ಲ?

ಕೊಳವೆಯ ಒಂದು ತುದಿ ಮುಚ್ಚಿತೆಂದರೆ ಫೋನ್ ಇಟ್ಟಂತೆ; ಕರ್ನಲ್ ಸಿಗ್‌ಹಪ್ ಕಳಿಸುತ್ತದೆ. ಉದ್ದ ಕೆಲಸವನ್ನು ಮೊದಲೇ ‘ಟಿಮಕ್ಸ್’ ಒಳಗೆ ಶುರುಮಾಡಿ. ಕಂಟ್ರೋಲ್+ಬಿ, ಡಿ ಒತ್ತಿ ಹೊರಬನ್ನಿ. ‘ಟಿಮಕ್ಸ್ ಅಟ್ಯಾಚ್’ ಎಂದು ಮರಳಿ.

ಪೈಪಿಗೆ (‘|’) ಕೊಟ್ಟೊಡನೆ ಬಣ್ಣ ಹೋಗುತ್ತದೆ, ಔಟ್‌ಪುಟ್ ತಡವಾಗಿ ಬರುತ್ತದೆ.

ಪ್ರೋಗ್ರಾಮುಗಳು ಆಚೆ ತುದಿಯಲ್ಲಿರುವುದು ಟರ್ಮಿನಲ್ಲೋ ಅಲ್ಲವೋ ಎಂದು ಕೇಳಿ ನೋಡುತ್ತವೆ. ಅಲ್ಲವೆಂದರೆ ಬಣ್ಣ ಬಿಡುತ್ತವೆ. ಸಿ ಲೈಬ್ರರಿಯೂ ಸಾಲು ಸಾಲಾಗಿ ಕಳಿಸದೆ ಪೈಪಿಗೆ 4096 ಬೈಟ್ ತುಂಬಿದ ಮೇಲೆ ಕಳಿಸುತ್ತದೆ. ಆಜ್ಞೆಗಿಂತ ಮೊದಲು ‘ಎಸ್‌ಟಿಡಿಬಫ್ -ಒಎಲ್’ ಹಾಕಿ, ಎಲ್ ದೊಡ್ಡದು. ಪೈಥಾನ್ ಇದನ್ನು ಕೇಳುವುದಿಲ್ಲ, ಅದಕ್ಕೆ ‘-ಯು’.

ಟರ್ಮಿನಲ್ಲಿನಲ್ಲಿ ಕನ್ನಡ ಏಕೆ ಒಡೆದು ಕಾಣುತ್ತದೆ?

ಟರ್ಮಿನಲ್ಲಿನ ಇಡೀ ಕಲ್ಪನೆ ಸಮ ಅಗಲದ ಕೋಣೆಗಳ ಮೇಲೆ ನಿಂತಿದೆ. ಒಂದು ಅಕ್ಷರ, ಒಂದು ಕೋಣೆ. ಕನ್ನಡಕ್ಕೆ ಆ ಲೆಕ್ಕ ಹೊಂದುವುದಿಲ್ಲ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಓದುವವರಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಐದು ಸಂಕೇತ: ಕ, ನ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 15 ಬೈಟ್. ಟರ್ಮಿನಲ್ ಲೆಕ್ಕದಲ್ಲಿ ನಾಲ್ಕು ಕೋಣೆ, ಏಕೆಂದರೆ ವಿರಾಮದ ಅಗಲ ಸೊನ್ನೆ. ‘ಪ್ರಿಂಟ್‌ಎಫ್ ಕನ್ನಡ | ಡಬ್ಲ್ಯುಸಿ’ ಎಂದು ಕೊಟ್ಟು ‘-ಸಿ’, ‘-ಎಮ್’, ದೊಡ್ಡ ‘-ಎಲ್’ ಒಂದೊಂದಾಗಿ ಹಾಕಿ ನೋಡಿ: 15, 5, 4. ಎಂದೂ 3 ಬಾರದು.

ಒತ್ತಿನ ‘ನ್ನ’ಕ್ಕೆ ಎರಡು ಕೋಣೆ ಸಿಕ್ಕಿತು, ಅದಕ್ಕೆ ಬೇಕಾದ ಜಾಗ ಅಷ್ಟಿಲ್ಲ. ಗುಣಿತದಲ್ಲೂ ಪಂಕ್ತಿಭೇದವಿದೆ: ಇಕಾರದ ಗುಡಿಸಿಗೆ ಸೊನ್ನೆ ಕೋಣೆ, ದೀರ್ಘದ ‘ಾ’ಗೆ ಒಂದು. ಹೀಗೆ ಎಮ್ಯುಲೇಟರ್ ಬಿಡಿಸಿದ ಅಗಲಕ್ಕೂ ಬ್ಯಾಶ್ ಎಣಿಸಿದ ಅಗಲಕ್ಕೂ ತಾಳೆ ತಪ್ಪಿ ಕರ್ಸರ್ ಎಲ್ಲೋ, ಅಳಿಸುವ ಅಕ್ಷರ ಇನ್ನೆಲ್ಲೋ. ಕೋಣೆ ಕೋಣೆಯಾಗಿ ಬಿಡಿಸುವ ಎಮ್ಯುಲೇಟರ್‌ನಲ್ಲಿ ಒತ್ತಕ್ಷರ ಕೂಡಿಕೊಳ್ಳುವುದೇ ಇಲ್ಲ. ಕೆಡಿಇಯ ಕಾನ್ಸೋಲ್ ಮತ್ತು ಎಮ್‌ಎಲ್‌ಟರ್ಮ್ ಎಮ್ಯುಲೇಟರ್‌ಗಳು ಪದವನ್ನು ಒಟ್ಟಾಗಿ ಬಿಡಿಸುವುದರಿಂದ ಓದಲು ವಾಸಿ. ಕಾಲಂ ನೇರ ನಿಲ್ಲಬೇಕಾದ ಕನ್ನಡ ಪಟ್ಟಿಗೆ ಇವತ್ತಿಗೂ ನಮ್ಮ ಸಲಹೆ ಸ್ಪ್ರೆಡ್‌ಶೀಟ್ ಅಥವಾ ಬ್ರೌಸರ್.

ವರ್ಚುವಲ್ ಕನ್ಸೋಲಿನಲ್ಲಿ ಆಸೆಯೇ ಬೇಡ. ಅದರ ಫಾಂಟಿನಲ್ಲಿ ಹಿಡಿಯುವುದು 256, ಹೆಚ್ಚೆಂದರೆ 512 ಆಕಾರ. ಒತ್ತು ಕೂಡಿಸುವ ಬುದ್ಧಿ ಕರ್ನಲ್‌ಗಿಲ್ಲ. ಡೆಬಿಯನ್ ಸ್ಥಾಪಿಸುವಾಗ ಕನ್ನಡ ಆಯ್ಕೆ ಗ್ರಾಫಿಕ್ಸ್ ಇನ್‌ಸ್ಟಾಲರ್‌ನಲ್ಲಿ ಮಾತ್ರ ಸಿಗುವುದು ಇದಕ್ಕೇ. ಡಾಸ್ ಕಾಲದಲ್ಲಿ ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಇದೇ ಸಮಸ್ಯೆಯನ್ನು ಹಾರ್ಡ್‌ವೇರ್‌ನಿಂದ ಬಿಡಿಸಿತ್ತು: ಪಠ್ಯ ಸ್ಥಿತಿಯ ಪ್ರೋಗ್ರಾಮುಗಳಲ್ಲೇ ಭಾರತೀಯ ಲಿಪಿ ಬರುತ್ತಿತ್ತು. ಡೆಸ್ಕ್‌ಟಾಪ್ ಭಾಷೆ ಕನ್ನಡ ಇಟ್ಟುಕೊಂಡು ಕನ್ಸೋಲಿಗೆ ಹೋದರೆ ಸಂದೇಶವೆಲ್ಲ ಒಂದೇ ತರಹದ ಚೌಕವಾಗುತ್ತದೆ; ಅಲ್ಲಿ ‘ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ.ಯುಟಿಎಫ್-8’ ಕೊಟ್ಟು ಇಂಗ್ಲಿಷಿಗೆ ಬನ್ನಿ. ಸಮ ಚಿಹ್ನೆಯ ಎರಡೂ ಬದಿ ದೊಡ್ಡಕ್ಷರ.

ಕನ್ನಡ ಹೆಸರಿನ ಫೈಲ್ ‘\340\262\225’ ಎಂದು ಕಾಣುತ್ತಿದೆ. ಹೆಸರು ಕೆಟ್ಟಿತೆ?

ಇಲ್ಲ. ಅದು ‘ಕ’ದ ಮೂರು ಬೈಟ್, ಎಂಟರ ಮೂಲದ ಅಂಕಿಗಳಲ್ಲಿ. ‘ಎಲ್‌ಎಸ್’ ಹೀಗೆ ತೋರಿಸಿದರೆ ‘ಲೊಕೇಲ್’ ಕೊಟ್ಟು ನೋಡಿ, ಯುಟಿಎಫ್-8 ಇರುವುದಿಲ್ಲ. ಗಿಟ್ ಮಾತ್ರ ಹೀಗೆ ತೋರಿಸುತ್ತಿದ್ದರೆ ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’.

ಕಣ್ಣಿಗೆ ಕಾಣುವ ಪದವನ್ನೇ ‘ಗ್ರೆಪ್’ ಹುಡುಕಿ ಕೊಡುತ್ತಿಲ್ಲ.

‘ಸಾಫ್ಟ್‌ವೇರ್’ ತರಹದ ಪದವೆ? ಅದರ ನಡುವೆ ಅರ್ಧಾಕ್ಷರ ಒತ್ತಾಗದಂತೆ ತಡೆಯುವ ಅಗೋಚರ ಸಂಕೇತವಿದೆ, ಶೂನ್ಯ ಅಗಲದ ನಾನ್‌ಜಾಯ್ನರ್. ಒಬ್ಬರ ಕೀಬೋರ್ಡ್ ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಒತ್ತು ಕೂಡಿಸದ ಟರ್ಮಿನಲ್ಲಿನಲ್ಲಿ ಎರಡೂ ಒಂದೇ ರೀತಿ ಕಾಣಬಹುದು. ಸಾಲನ್ನು ‘| ಒಡಿ -ಸಿ’ಗೆ ಕೊಡಿ, ‘342 200 214’ ಕಂಡರೆ ಅದೇ. ಒತ್ತಕ್ಷರ ರೂಪ ಗೊತ್ತುಮಾಡುವ ಜಾಯ್ನರ್ ಆದರೆ ಕೊನೆಯ ಅಂಕಿ 215. ಫೈಲ್ ಹೆಸರಿನೊಳಗೆ ಇದು ಸೇರಿಕೊಂಡಿದ್ದರೆ ಹೆಸರು ಟೈಪ್ ಮಾಡುವ ಗೋಜು ಬೇಡ, ಮೊದಲ ಅಕ್ಷರ ಕೊಟ್ಟು ಟ್ಯಾಬ್ ಒತ್ತಿ.